ಸಮುದ್ರದಿಂದ 600 ಮೀಟರ್, 20 ಗುಂಟೆ ಚಿರೇಕಲ್ಲು ನೆಲ: ಲಾನ್ ಬೇಡ, ಊರಿನ ಗಿಡಗಳೇ ಬೇಕು. ಎಲ್ಲಿಂದ ಶುರು?

ಕಲ್ಲುನೆಲ_ಕುಮಟಾ:

ಕುಮಟಾ ಹತ್ತಿರ 20 ಗುಂಟೆ ಜಾಗ. ಮನೆ ಕಟ್ಟಿ ಮುಗಿಯುತ್ತ ಬಂದಿದೆ, ಚಾವಣಿ ಸುಮಾರು 150 ಚದರ ಮೀಟರ್. ಪಶ್ಚಿಮಕ್ಕೆ 600 ಮೀಟರ್ ದೂರದಲ್ಲಿ ಸಮುದ್ರ, ನಡುವೆ ಬರೀ ಗದ್ದೆ ಬಯಲು. ಮಳೆಗಾಲದ ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಅರ್ಧ ಜಾಗದಲ್ಲಿ ಚಿರೇಕಲ್ಲಿನ (ಲ್ಯಾಟರೈಟ್, ತೂತುತೂತಿನ ಕೆಂಪು ಕಲ್ಲು) ಹಾಸು ಮೇಲೆಯೇ ಕಾಣುತ್ತದೆ, ಅಲ್ಲಲ್ಲಿ ಸೀಳುಗಳಲ್ಲಿ ಮೊಣಕಾಲೆತ್ತರದ ಕುರುಚಲು. ಉಳಿದರ್ಧದಲ್ಲಿ ಒಂದರಿಂದ ಎರಡು ಅಡಿ ಕೆಂಪು ಜಲ್ಲಿ ಮಣ್ಣು. ಪೂರ್ವಕ್ಕೆ ಮನೆಗಾಗಿ ಕಡಿದ ಧರೆ (ನೆಲ ಕಡಿದಾಗ ಉಳಿಯುವ ನೆಟ್ಟಗಿನ ಗೋಡೆ), ಹತ್ತು ಅಡಿ ಎತ್ತರ. ಅದರ ಬುಡದಲ್ಲಿ ಬಿಳಿ ಶೇಡಿ ಮಣ್ಣು (ನುಣುಪು ಜೇಡಿ) ಕಾಣುತ್ತದೆ, ನೆತ್ತಿಯ ಮೇಲೆ ಹತ್ತು ಹನ್ನೆರಡು ಅಕೇಶಿಯಾ ಮರ. ನೈಋತ್ಯ ಮೂಲೆ ತಗ್ಗು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಲ್ಲುತ್ತದೆ.

ಗಾರ್ಡನ್ ಕಂತ್ರಾಟುದಾರರು ಕೊಟ್ಟ ಲೆಕ್ಕ: ಜೆಸಿಬಿಯಲ್ಲಿ ಪೂರ್ತಿ ಮಟ್ಟ ಮಾಡಿ, ಒಂದಡಿ ಮಣ್ಣು ತುಂಬಿ, ಮೆಕ್ಸಿಕನ್ ಹುಲ್ಲು, ಫಾಕ್ಸ್‌ಟೇಲ್ ಪಾಮ್, ಧರೆಗೆ ಹಳದಿ ಹೂವಿನ ವೆಡೆಲಿಯಾ ಬಳ್ಳಿ. ಇದು ಬೇಡ ಅಂತ ತೀರ್ಮಾನ ಆಗಿದೆ. ಆದರೆ ಬದಲಿಗೆ ಏನು, ಯಾವ ಕ್ರಮದಲ್ಲಿ? ಕಲ್ಲಿನಲ್ಲಿ ಗುಂಡಿ ತೋಡುವುದು ಹೇಗೆ? ಬೇಸಿಗೆಯಲ್ಲಿ ಬಾವಿ ನೀರು ಮನೆಗಷ್ಟೇ ಸಾಲುತ್ತದೆ ಎಂಬುದೂ ಗಮನದಲ್ಲಿರಲಿ.

ಬೇಣದ_ಕರಡ (ಶಿರಸಿ):

ಗಿಡದ ಪಟ್ಟಿ ಆಮೇಲೆ. ಮೊದಲು ಜೆಸಿಬಿಯನ್ನು ಗೇಟಿನ ಹೊರಗೆ ನಿಲ್ಲಿಸಿ.

ಸೀಳುಗಳಲ್ಲಿರುವ ಆ ಮೊಣಕಾಲೆತ್ತರದ ಕುರುಚಲು ಎಳೆಯ ಗಿಡಗಳಲ್ಲ. ವರ್ಷ ವರ್ಷ ಕಡಿದು, ದನ ಮೇಯ್ದು, ಬೆಂಕಿ ಬಿದ್ದು ಕುಳ್ಳಾಗಿಯೇ ಉಳಿದ ಹಳೆಯ ಬೊಡ್ಡೆಗಳು. ಕರಾವಳಿಯ ಚಿರೇಕಲ್ಲು ಹಕ್ಕಲಿನಲ್ಲಿ ಸಾಮಾನ್ಯವಾಗಿ ಸಿಗುವುದು ಕುಂಟುನೇರಳೆ, ಕವಳಿ, ಗುಡ್ಡೆದಾಸವಾಳ, ಸಳ್ಳೆ, ಕಾಸರಕ. ಎಲ್ಲವೂ ಕಡಿದಷ್ಟೂ ಚಿಗುರುವ ಜಾತಿ. ಇವುಗಳ ಬೇರು ಆಗಲೇ ಕಲ್ಲಿನ ಸೀಳಿನೊಳಗೆ ಆಳಕ್ಕೆ ಇಳಿದು ಕೂತಿದೆ. ನರ್ಸರಿಯಿಂದ ತಂದ ಗಿಡ ಅಷ್ಟು ಆಳಕ್ಕೆ ಬೇರು ಬಿಡಲು ಎಷ್ಟೋ ವರ್ಷ ಬೇಕು, ಅಲ್ಲಿಯವರೆಗೆ ಬದುಕಿದರೆ. ಆದ್ದರಿಂದ ನಿಮ್ಮ ತೋಟದ ಅರ್ಧ ಭಾಗ ಈಗಾಗಲೇ ನೆಟ್ಟಾಗಿದೆ ಅಂತ ಲೆಕ್ಕ ಹಿಡಿಯಿರಿ.

ಮಾಡಬೇಕಾದದ್ದು ಇಷ್ಟು: ಮೊದಲ ಮಳೆಗೆ ಚಿಗುರೊಡೆದಾಗ ಒಂದೊಂದು ಬೊಡ್ಡೆಗೂ ಬಣ್ಣದ ಬಟ್ಟೆಯ ಚೂರು ಕಟ್ಟಿ, ಕೆಲಸದವರ ಕತ್ತಿ ಅಲ್ಲಿಗೆ ಹೋಗದ ಹಾಗೆ. ದನ ಬರದಂತೆ ಬೇಲಿ. ಸೆಪ್ಟೆಂಬರ್‌ನಲ್ಲಿ ಒಂದು ಬೊಡ್ಡೆಗೆ ಗಟ್ಟಿಯಾದ ಎರಡು ಮೂರು ಚಿಗುರು ಉಳಿಸಿ ಮಿಕ್ಕಿದ್ದು ಸವರಿ. ನಡುವೆ ಯುಪಟೋರಿಯಂ, ಲಂಟಾನ ಕಳೆ ಇದ್ದರೆ ಮಣ್ಣು ಮೆತ್ತಗಿರುವ ಆಗಸ್ಟ್‌ನಲ್ಲಿ ಬೇರು ಸಮೇತ ಕೀಳಿ. ಯುಪಟೋರಿಯಂ ಮಳೆಗಾಲ ಮುಗಿದ ಮೇಲೆ ಹೂ ಬಿಟ್ಟು ಬೀಜ ಗಾಳಿಗೆ ಬಿಡುತ್ತದೆ. ಡಿಸೆಂಬರ್‌ನಲ್ಲಿ ಕಿತ್ತರೆ ನೀವೇ ಬಿತ್ತನೆ ಮಾಡಿದ ಹಾಗೆ.

ಬರಿಗಲ್ಲಿನ ಹಾಸಿಗೆ ಮಣ್ಣು ತುಂಬುವ ಯೋಚನೆ ಬಿಟ್ಟುಬಿಡಿ. ಒಂದಡಿ ಸಡಿಲ ಮಣ್ಣು ಜೂನ್ ತಿಂಗಳಲ್ಲೇ ಗದ್ದೆಗೆ ಇಳಿಯುತ್ತದೆ, ಜೊತೆಗೆ ಎಲ್ಲಿಂದಲೋ ಬಂದ ಕಳೆಬೀಜ ನಿಮ್ಮಲ್ಲಿ ಉಳಿಯುತ್ತದೆ. ಕಲ್ಲಿನ ಮೇಲೆ ಬೆರಳಷ್ಟು ಆಳದ ಮಣ್ಣಿರುವ ಕಡೆ ಮಳೆಗಾಲದಲ್ಲಿ ತಾನಾಗಿಯೇ ಎರಿಯೋಕಾಲನ್ ಗುಂಡಿಹೂವು, ಯುಟ್ರಿಕ್ಯುಲೇರಿಯಾದ ನೀಲಿ ಹೂವು, ಸಣ್ಣ ಹುಲ್ಲು ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದನ್ನು ಮೀರಿಸುವ ಹೂದೋಟವನ್ನು ದುಡ್ಡು ಕೊಟ್ಟು ಮಾಡಿಸಲು ಆಗದು. ಅಲ್ಲಿ ಗೊಬ್ಬರವನ್ನೂ ಹಾಕಬೇಡಿ; ಬಡ ಮಣ್ಣಿನಲ್ಲಿ ಮಾತ್ರ ಅವು ಉಳಿಯುತ್ತವೆ, ಗೊಬ್ಬರ ಬಿದ್ದರೆ ದೊಡ್ಡ ಹುಲ್ಲು ಬಂದು ಮುಚ್ಚುತ್ತದೆ. ನಡೆದಾಡಲು ಒಂದೇ ದಾರಿ ಮಾಡಿಕೊಂಡು ಉಳಿದ ಕಡೆ ತುಳಿಯದಿದ್ದರೆ ಸಾಕು.

ಲಾನ್ ಬದಲಿಗೆ ಎರಡಡಿ ಮಣ್ಣಿರುವ ಕಡೆ ಕರಡ (ಊರಿನ ಕಾಡುಹುಲ್ಲು) ಬೆಳೆಯಲು ಬಿಡಿ. ನವೆಂಬರ್‌ನಲ್ಲಿ ಬೀಜ ಉದುರಿದ ಮೇಲೆ ಒಮ್ಮೆ ಕೊಯ್ಯಿರಿ. ಇದರಲ್ಲಿ ಬಹುಪಾಲು ಒಂದೇ ವರ್ಷದ ಹುಲ್ಲು, ಸೆಪ್ಟೆಂಬರ್‌ನಲ್ಲೇ ಚಂದ ಕಾಣಲಿ ಅಂತ ಕೊಯ್ದರೆ ಮುಂದಿನ ವರ್ಷ ಅಲ್ಲಿ ಕಳೆ ಮಾತ್ರ. ಒಣ ಕರಡಕ್ಕೆ ಬೇಸಿಗೆಯಲ್ಲಿ ಬೆಂಕಿಯ ಭಯ ಇದ್ದೇ ಇದೆ. ಮನೆಯ ಸುತ್ತ ಮೂರು ಮೀಟರ್, ರಸ್ತೆ ಬದಿಗೆ ಎರಡು ಮೀಟರ್ ನೆಲಮಟ್ಟಕ್ಕೆ ಕೆತ್ತಿಸಿಡಿ. ಮೆಕ್ಸಿಕನ್ ಹುಲ್ಲಿನ ನೀರಿನ ಲೆಕ್ಕವನ್ನೂ ನೋಡಿ: ದಿನಕ್ಕೆ 5 ಮಿಲಿಮೀಟರ್ ಎಂದರೂ 100 ಚದರ ಮೀಟರಿಗೆ 500 ಲೀಟರ್, ನವೆಂಬರ್‌ನಿಂದ ಮೇ ತನಕ ಒಂದು ಲಕ್ಷ ಲೀಟರ್ ಮೇಲೆ. ನಿಮ್ಮ ಬಾವಿ ತಾಳಲಿಕ್ಕಿಲ್ಲ.

ಉಪ್ಪುಗಾಳಿ (ಕಾರವಾರ):

ಮೇಲಿನವರು ಹೇಳಿದ್ದು ಸರಿ. ಆದರೆ ಘಟ್ಟದ ಮೇಲಿನವರು ಗಾಳಿಯ ವಿಷಯ ಮರೆಯುತ್ತಾರೆ. ನಿಮ್ಮ ಜಾಗದಲ್ಲಿ ಪಶ್ಚಿಮದ ಅಂಚು ನಿಂತರೆ ಉಳಿದದ್ದೆಲ್ಲ ನಿಂತೀತು.

ಗಾಳಿತಡೆಗೆ ಎತ್ತರದ ಕಾಂಪೌಂಡ್ ಕಟ್ಟಬೇಡಿ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಒಳಗೆ ಸುಳಿಯಾಗಿ ಇಳಿಯುತ್ತದೆ, ಗಿಡ ಮುರಿಯುವುದು ಆ ಸುಳಿಯಲ್ಲೇ. ಅರ್ಧ ಗಾಳಿ ಬಿಟ್ಟು ಅರ್ಧ ತಡೆಯುವ ಹಸಿರು ಬೇಲಿ ಬೇಕು. ಅದು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ಜೋರು ಇಳಿಸುತ್ತದೆ. ಆರು ಮೀಟರ್ ಅಗಲದ ಪಟ್ಟಿ, ಮೂರು ಸಾಲು.

ಸಮುದ್ರದ ಕಡೆಯ ಸಾಲು ಕುಳ್ಳಗೆ: ಕ್ಲೀರೋಡೆಂಡ್ರಂ ಇನರ್ಮೆ ಮತ್ತು ಲಕ್ಕಿ, ಒಂದು ಮೀಟರಿಗೊಂದು. ಎರಡೂ ಕಡ್ಡಿಯಿಂದ ಬರುತ್ತವೆ, ಕತ್ತರಿಗೆ ಹೆದರುವುದಿಲ್ಲ. ನಡುವಿನ ಸಾಲು: ಹೂವರಸಿ, ಹೊಂಗೆ, ಎರಡೂವರೆ ಮೀಟರಿಗೊಂದು. ಹೂವರಸಿಯ ಮಣಿಕಟ್ಟು ದಪ್ಪದ, ಐದಡಿ ಉದ್ದದ ಗೂಟವನ್ನು ಜೂನ್‌ನಲ್ಲಿ ನೆಟ್ಟರೆ ಬೇರು ಬಿಡುತ್ತದೆ, ಸಸಿಗೆ ಖರ್ಚು ಮಾಡಬೇಕಾಗಿಲ್ಲ. ಒಳಸಾಲು: ಕ್ಯಾಲೋಫಿಲಂ ಜಾತಿಯ ಹೊನ್ನೆ ಐದಾರು ಮೀಟರಿಗೊಂದು. ಅದರ ಮರೆಯಲ್ಲಿ ರಂಜಲ, ಸುರಗಿ. ಸುರಗಿಯನ್ನು ಮೊದಲ ಸಾಲಿಗೆ ತರಬೇಡಿ, ಎಳೆಯದರಲ್ಲಿ ಉಪ್ಪುಗಾಳಿಗೆ ಸುಡುತ್ತದೆ. ಕೇದಿಗೆಯನ್ನು ನೈಋತ್ಯದ ತಗ್ಗಿಗೆ ಹಾಕಿ, ದಾರಿಯಿಂದ ಮೂರು ಮೀಟರ್ ದೂರ, ಎಲೆಯಂಚಿನ ಮುಳ್ಳು ಮಕ್ಕಳ ಕೈಕಾಲು ಸೀಳುತ್ತದೆ. ಅದೇ ತಗ್ಗಿಗೆ ಹೊಳೆದಾಸವಾಳ ಒಂದು ಮರ, ಅಂಚಿಗೆ ಲಾವಂಚ. ಸಮುದ್ರದಂಡೆಯ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಮರಳಿನವು. ನಿಮ್ಮ ಕಲ್ಲುನೆಲಕ್ಕೆ ಬೇಡ, ದಂಡೆಯಿಂದ ಕಿತ್ತು ತರುವುದಂತೂ ಬೇಡವೇ ಬೇಡ. ಅಲ್ಲಿ ಮರಳಿನ ದಿಬ್ಬ ಹಿಡಿದು ನಿಂತಿರುವುದು ಅವೇ.

ಗಾಳಿಮರ (ಕ್ಯಾಸುರಿನಾ) ಬೇಗ ಬೆಳೆಯುತ್ತದೆ, ನಿಜ. ಆದರೆ ಅದರ ಸೂಜಿಯೆಲೆ ದಪ್ಪಗೆ ಬಿದ್ದ ಕಡೆ ಕೆಳಗೆ ಬೇರೇನೂ ಏಳುವುದು ಕಷ್ಟ. ಮನೆಯಂಗಳಕ್ಕೆ ಅದು ನನ್ನ ಆಯ್ಕೆ ಅಲ್ಲ.

ಈಗ ಗುಂಡಿ. ಇಲ್ಲೇ ಹೆಚ್ಚಿನವರು ಸೋಲುವುದು. ಚಿರೇಕಲ್ಲನ್ನು ಚೌಕಾಕಾರಕ್ಕೆ ನುಣ್ಣಗೆ ಕೊರೆದು 60 ಸೆಂಟಿಮೀಟರ್ ಗುಂಡಿ ತೆಗೆದು ಒಳ್ಳೆಯ ಮಣ್ಣು ತುಂಬಿದರೆ ಆದದ್ದು ಬಕೆಟ್. ಜುಲೈನಲ್ಲಿ ನೀರು ತುಂಬಿ ಬೇರು ಕೊಳೆಯುತ್ತದೆ, ಉಳಿದ ಬೇರು ಗೋಡೆಗೆ ತಾಗಿ ಸುತ್ತು ಹಾಕುತ್ತದೆ, ಮಾರ್ಚ್‌ನಲ್ಲಿ ಅದೇ ಗುಂಡಿ ಪೂರ್ತಿ ಒಣಗುತ್ತದೆ. ಜನ ಗಿಡ ಬೇಸಿಗೆಗೆ ಸತ್ತಿತು ಅನ್ನುತ್ತಾರೆ. ಬೇರು ಸತ್ತಿದ್ದು ಮಳೆಗಾಲದಲ್ಲಿ.

ಹೀಗೆ ಮಾಡಿ. ಹಾಸಿನ ನಡುವೆ ಅಲ್ಲ, ಸೀಳು ಇರುವಲ್ಲಿ ಜಾಗ ಆರಿಸಿ. ಮೇ ತಿಂಗಳಲ್ಲೇ ತೋಡಿ ಮುಗಿಸಿ. ಹಾರೆಯಿಂದ ಗೋಡೆಯನ್ನು ಒರಟೊರಟಾಗಿ ಒಡೆದು, ತಳಕ್ಕೆ ಎರಡು ಮೂರು ಕಡೆ ಹಾರೆ ಇಳಿಸಿ ಬಿರುಕು ಮಾಡಿ. ಇಳಿಜಾರಿನ ಕಡೆಗೆ ಒಂದು ಗೇಣು ಅಗಲದ ಕೋಡಿ (ನೀರು ಹೊರಹೋಗುವ ದಾರಿ) ಕಡಿಯಿರಿ, ಗುಂಡಿಯ ತಳದ ಮಟ್ಟದವರೆಗೆ ಆಗದಿದ್ದರೆ ಅರ್ಧದವರೆಗಾದರೂ. ನಂತರ ನೀರು ತುಂಬಿ ನೋಡಿ: ಮರುದಿನಕ್ಕೂ ನೀರು ನಿಂತಿದ್ದರೆ ಆ ಗುಂಡಿಯಲ್ಲಿ ಮರ ನೆಡಬೇಡಿ. ತುಂಬಲು ಅಗೆದ ಜಲ್ಲಿ ಮಣ್ಣೇ ಮೂರು ಪಾಲು, ಕೊಳೆತ ದರಕಿನ (ಉದುರಿದ ಒಣ ಎಲೆಯ) ಗೊಬ್ಬರ ಒಂದು ಪಾಲು. ಬರೀ ಗೊಬ್ಬರ ತುಂಬಿದರೆ ಒಂದೇ ವರ್ಷದಲ್ಲಿ ಕುಸಿದು ಗಿಡ ತಗ್ಗಿಗಿಳಿಯುತ್ತದೆ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ಒಂದು ಗೇಣು ಮೇಲಿರಲಿ, ದಿಬ್ಬದ ಮೇಲೆ.

ಸುಣ್ಣ, ಚಿಪ್ಪಿಪುಡಿ ಹಾಕಲೇಬೇಡಿ. ಚಿರೇಕಲ್ಲಿನ ಮಣ್ಣು ಹುಳಿ, ನಮ್ಮ ಗಿಡಗಳಿಗೆ ಅದೇ ಒಗ್ಗಿದ್ದು. ಇದಕ್ಕೆ ಸೇರಿದ ಇನ್ನೊಂದು ಮಾತು: ಮನೆ ಈಗಷ್ಟೇ ಮುಗಿಯುತ್ತಿದೆ ಅಂದಿರಿ. ಗೋಡೆಯಿಂದ ಒಂದು ಮೀಟರ್ ಒಳಗೆ ಸಿಮೆಂಟ್, ಗಾರೆಯ ಪುಡಿ ಮಣ್ಣಿನಲ್ಲಿ ಸೇರಿರುತ್ತದೆ. ಅಲ್ಲಿ ಗುಡ್ಡೆದಾಸವಾಳ ಹಾಕಿದರೆ ನರ ಹಸಿರು, ನಡುವೆಲ್ಲ ಹಳದಿ ಎಲೆ ಬರುತ್ತದೆ. ರೋಗ ಅಂತ ಔಷಧಿ ಹೊಡೆಯುತ್ತಾರೆ. ಅದು ಸುಣ್ಣದಂಶದಿಂದ ಕಬ್ಬಿಣ ಸಿಗದೆ ಆಗುವುದು. ಅರ್ಧ ಅಡಿ ಮೇಲ್ಮಣ್ಣು ಕೆರೆದು ಹೊರಹಾಕಿ, ಬೇರೆ ಮಣ್ಣು ಹಾಕಿದ ಮೇಲೆಯೇ ನೆಡಿ.

ನೆಡುವ ಸಮಯ: ಮಳೆ ಹಿಡಿದು ನೆಲ ಒಂದಡಿ ತೋಯ್ದ ಮೇಲೆ, ಜೂನ್ ಮಧ್ಯ. ಗಾಳಿಯ ಕಡೆ ಮೊದಲ ಎರಡು ವರ್ಷ ತೆಂಗಿನ ಮಡ್ಲಿನ (ಹೆಣೆದ ಗರಿಯ) ತಟ್ಟಿ ಕಟ್ಟಿ. ಸಸಿಗೆ ಒಂದೇ ಗೂಟ ಸಾಲದು, ಎರಡು ಬೇಕು. ಎತ್ತರದ ಮೂರನೇ ಒಂದು ಭಾಗದಲ್ಲಿ ಕಾಯರ್ ಹಗ್ಗ ಸಡಿಲವಾಗಿ ಎಂಟರ ಆಕಾರಕ್ಕೆ ಕಟ್ಟಿ, ಮರುವರ್ಷ ಬಿಚ್ಚಿ. ಬಿಚ್ಚದಿದ್ದರೆ ಕಾಂಡ ದಪ್ಪವಾಗುವುದೇ ಇಲ್ಲ. ಎಲೆಯಂಚು ಪಶ್ಚಿಮದ ಕಡೆ ಮಾತ್ರ ಕಂದಾದರೆ ಅದು ಉಪ್ಪು. ಜೋರು ಮಳೆಯಲ್ಲಿ ತೊಳೆದು ಹೋಗುತ್ತದೆ. ಮಳೆ ಬಿಟ್ಟು ಗಾಳಿ ಮಾತ್ರ ಬೀಸುವ ದಿನಗಳಲ್ಲಿ ಸಂಜೆ ಸಿಹಿನೀರು ಚಿಮುಕಿಸಿದರೆ ಸಾಕು.

ಹಸಿರುಹೊದಿಕೆ:

ಇಷ್ಟೆಲ್ಲ ತಲೆಬಿಸಿ ಯಾಕೆ? ಜಪಾನಿನ ಮಿಯಾವಾಕಿ ಪದ್ಧತಿಯಲ್ಲಿ ಒತ್ತೊತ್ತಾಗಿ ನೆಡಿಸಿ. ಚದರ ಮೀಟರಿಗೆ ಮೂರು ನಾಲ್ಕು ಸಸಿ, ಮೂರು ವರ್ಷದಲ್ಲಿ ಕಾಡು.

ಬೇಣದ_ಕರಡ (ಶಿರಸಿ):

ಮಾರಾಯ್ರೆ, ಮಿಯಾವಾಕಿಯಲ್ಲಿ ಒಂದು ಮೀಟರ್ ಆಳಕ್ಕೆ ಮಣ್ಣು ಸಡಿಲಿಸಿ ಗೊಬ್ಬರ ಬೆರೆಸಬೇಕು. ಈ ನೆಲದಲ್ಲಿ ಒಂದು ಮೀಟರ್ ಅಂದರೆ ಕಲ್ಲು ಒಡೆಯುವ ಯಂತ್ರ ತರಬೇಕು, ಇದ್ದ ಬೊಡ್ಡೆಗಳೆಲ್ಲ ಅದರಲ್ಲೇ ಹೋಗುತ್ತವೆ. ಅದೂ ಅಲ್ಲದೆ ಮೊದಲ ಎರಡು ಮೂರು ಬೇಸಿಗೆ ದಿನವೂ ಅನ್ನುವಷ್ಟು ನೀರು ಬೇಕು. ಚಿರೇಕಲ್ಲಿನ ಹಾಸು ತಾನಾಗಿ ದಟ್ಟ ಕಾಡಾಗುವ ನೆಲ ಅಲ್ಲ. ಹುಲ್ಲು, ಪೊದೆ, ನಡುನಡುವೆ ಮರ, ಅದೇ ಅದರ ಸಹಜ ರೂಪ. ಪೇಟೆಯಲ್ಲಿ ಆಳದ ಮಣ್ಣಿರುವ ಸಣ್ಣ ಜಾಗಕ್ಕೆ ನೀವು ಹೇಳಿದ್ದು ನಡೆದೀತು.

ಇದೇ ಕಾರಣಕ್ಕೆ ನಮ್ಮ ಕಾನಿನ (ಘಟ್ಟದ ನಿತ್ಯಹಸಿರು ಕಾಡಿನ) ಗಿಡಗಳನ್ನೂ ಕಣ್ಣುಮುಚ್ಚಿ ಕೆಳಗೆ ಒಯ್ಯಬೇಡಿ. ಧೂಪ, ಸೀತೆ ಅಶೋಕ ಚಂದ ಇವೆ, ಊರಿನವೇ. ಆದರೆ ಎಳೆಯದರಲ್ಲಿ ನೆರಳು, ತಂಪು ಬೇಡುವವು. ಬಯಲಲ್ಲಿ ನೆಟ್ಟರೆ ಮೊದಲ ಏಪ್ರಿಲ್ ದಾಟುವುದಿಲ್ಲ. ಗಾಳಿಸಾಲು ಎದ್ದು ಮನೆಯ ಪೂರ್ವಕ್ಕೆ ನೆರಳು ಬಂದ ಮೇಲೆ, ಐದಾರು ವರ್ಷ ಬಿಟ್ಟು ಯೋಚಿಸಿ. ಮುರುಗಲು ಈಗಲೇ ಹಾಕಬಹುದು. ಹಣ್ಣು ಬೇಕಿದ್ದರೆ ಕಸಿ ಗಿಡ ತನ್ನಿ. ಬೀಜದ ಸಸಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಸುಮಾರು ಅರ್ಧ ಗಂಡೇ ಆಗಬಹುದು, ಹೂ ಬಿಡುವ ತನಕ ಗೊತ್ತಾಗುವುದಿಲ್ಲ.

ಕಲ್ಲುನೆಲ_ಕುಮಟಾ:

ಬೊಡ್ಡೆಗಳನ್ನು ನೋಡಿದೆ, ಕುಂಟುನೇರಳೆ ಮತ್ತು ಕವಳಿ ತುಂಬಾ ಇವೆ. ಮೂರು ಪ್ರಶ್ನೆ ಉಳಿದಿವೆ. ಧರೆ ಮತ್ತು ಅದರ ನೆತ್ತಿಯ ಅಕೇಶಿಯಾ ಏನು ಮಾಡಲಿ? ಚಾವಣಿ ನೀರಿಗೆ ಧರೆಯ ಮೇಲೆ ಇಂಗುಗುಂಡಿ ತೋಡಿ ಅಂತ ಒಬ್ಬರು ಹೇಳಿದರು, ಸರಿಯೇ? ಸಸಿ ಎಲ್ಲಿ ತರಲಿ?

ಧರೆ_ದರಕು (ಹೊನ್ನಾವರ):

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಿದರೆ ನೀರು ಚಿರೇಕಲ್ಲಿನ ತೂತುಗಳ ಮೂಲಕ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ. ಶೇಡಿ ನೀರು ಕುಡಿದರೆ ಸಾಬೂನಿನಂತೆ, ಮೇಲಿನ ಕಲ್ಲು ಜಾರುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದ ಮೇಲಾದರೂ ಕಡಿದ ಧರೆಯ ತಲೆಗೆ ನೀರು ಕುಡಿಸುವ ಸಲಹೆ ನಿಲ್ಲಬೇಕಿತ್ತು. ನಿಮ್ಮಲ್ಲಿ ಬೇಕಾದದ್ದು ತದ್ವಿರುದ್ಧ: ನೆತ್ತಿಯಿಂದ ಒಂದೂವರೆ ಎರಡು ಮೀಟರ್ ಹಿಂದೆ ಕಾಲುವೆ, ತಳ ಗಾರೆ ಮಾಡಿದ್ದು, ಮೇಲಿನ ನೀರನ್ನು ಪಕ್ಕಕ್ಕೆ ಒಯ್ದು ಬಿಡುವಂಥದ್ದು.

ಚಾವಣಿ ನೀರು ಪಶ್ಚಿಮದ ತಗ್ಗಿಗೆ ಹೋಗಲಿ. 100 ಮಿಲಿಮೀಟರ್ ಸುರಿದ ದಿನ, ಅದು ನಮ್ಮಲ್ಲಿ ಅಪರೂಪವಲ್ಲ, 150 ಚದರ ಮೀಟರ್ ಚಾವಣಿಯಿಂದ 15,000 ಲೀಟರ್ ಇಳಿಯುತ್ತದೆ. ಅದನ್ನು ಗುಂಡಿಯಲ್ಲಿ ಹಿಡಿಯುವ ಹಟ ಬೇಡ. ಇಳಿಜಾರಿಗೆ ಅಡ್ಡವಾಗಿ ಒಂದು ಮೀಟರ್ ಅಗಲ, ಒಂದಡಿ ಆಳದ ಅಗಳ (ಉದ್ದನೆಯ ಕಂದಕ) ಎರಡು ಮೂರು ತೆಗೆದು, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಮಾಡಿ. ಕೋಡಿಗೆ ಕಲ್ಲು ಹಾಸಿ, ಇಲ್ಲದಿದ್ದರೆ ಒಂದೇ ಮಳೆಗೆ ಕೊರೆದು ತೋಡಾಗುತ್ತದೆ. ಮೊದಲ ಅಗಳ ಮನೆಯ ಅಡಿಪಾಯದಿಂದ ಐದು ಮೀಟರ್ ಆಚೆ. ಅಗಳದ ಏರಿಯ ಮೇಲೆ ನೆಟ್ಟ ಹೊಂಗೆ, ನೇರಳೆ ಬೇಗ ಏಳುತ್ತವೆ.

ಧರೆಯ ಮುಖಕ್ಕೆ ವೆಡೆಲಿಯಾ ಬೇಡ. ಬೇರು ಮೇಲ್ಮೇಲೆ, ಮಳೆಯಲ್ಲಿ ಭಾರವಾಗಿ ಚಾಪೆಯಂತೆ ಜಾರುತ್ತದೆ, ಆಮೇಲೆ ಗದ್ದೆಗೂ ಹಬ್ಬುತ್ತದೆ. ಲಾವಂಚದ ಬುಡಗಳನ್ನು 10ರಿಂದ 15 ಸೆಂಟಿಮೀಟರಿಗೊಂದರಂತೆ ಅಡ್ಡ ಸಾಲಾಗಿ, ಸಾಲಿನಿಂದ ಸಾಲಿಗೆ ಒಂದು ಮೀಟರ್ ಎತ್ತರ ಬಿಟ್ಟು ನೆಡಿ. ಬುಡದ ನಡುವೆ ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗಿ ಸಾಲು ಇದ್ದೂ ಇಲ್ಲದ ಹಾಗೆ. ನೆರಳಿದ್ದರೆ ಲಾವಂಚ ಸೊರಗುತ್ತದೆ ಎಂಬುದನ್ನು ನೆನಪಿಡಿ. ಸಾಲುಗಳ ನಡುವೆ ನೆಕ್ಕರಿಕ, ಗುಡ್ಡೆದಾಸವಾಳ. ಆದರೆ ಹತ್ತಡಿ ನೆಟ್ಟಗೆ ಕಡಿದ, ಬುಡದಲ್ಲಿ ಶೇಡಿ ಕಾಣುವ ಧರೆಯನ್ನು ಗಿಡ ಒಂದೇ ಹಿಡಿಯಲಾರದು. ಮೆಟ್ಟಿಲಾಗಿ ಕಡಿಸಿ, ಬುಡಕ್ಕೆ ನೀರು ಸೋರಲು ತೂತುಗಳಿರುವ ಕಲ್ಲಿನ ಗೋಡೆ ಕಟ್ಟಿಸಿ. ಇದನ್ನು ಇಂಜಿನಿಯರಿಗೆ ತೋರಿಸದೆ ಮಾಡಬೇಡಿ.

ಅಕೇಶಿಯಾ: ಅಂಚಿಗೆ ಹತ್ತಿರವಿದ್ದು ವಾಲಿದವನ್ನು ಈ ಬೇಸಿಗೆಯಲ್ಲೇ ತೆಗೆಸಿ, ಗಾಳಿಗೆ ಅಲುಗಿ ಧರೆ ಸಡಿಲಿಸುವುದು ಅವೇ. ಬುಡ ಕೀಳಿಸಬೇಡಿ, ನೆಲಮಟ್ಟಕ್ಕೆ ಕೊಯ್ಯಿಸಿ. ಹಿಂದಿರುವವನ್ನು ಎರಡು ಮೂರು ಕಂತಿನಲ್ಲಿ ತೆಗೆಯಿರಿ, ಅಷ್ಟರೊಳಗೆ ಅವುಗಳ ಅರೆನೆರಳಲ್ಲಿ ಸಳ್ಳೆ, ರಂಜಲ ನೆಟ್ಟಿರಿ. ಕಡಿಯುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಬಿದ್ದ ಸೊಪ್ಪು ಅಲ್ಲೇ ಸುಡಬೇಡಿ: ಮಣ್ಣಿನಲ್ಲಿರುವ ಗಟ್ಟಿ ಸಿಪ್ಪೆಯ ಬೀಜ ಬಿಸಿಗೆ ಒಡೆದು ಮಳೆ ಬಿದ್ದ ಕೂಡಲೇ ಹಾಸಿನಂತೆ ಮೊಳೆಯುತ್ತದೆ. ಮೊಳೆತದ್ದನ್ನು ನಾಲ್ಕು ವರ್ಷ ಪ್ರತಿ ಆಗಸ್ಟ್‌ನಲ್ಲಿ ಕೀಳುವ ಕೆಲಸ ಹೇಗೂ ಇದ್ದೇ ಇದೆ.

ಉಪ್ಪುಗಾಳಿ (ಕಾರವಾರ):

ಸಸಿ ಬಗ್ಗೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮೇ ಕೊನೆಯಿಂದ ಕೊಡುತ್ತಾರೆ, ಆದರೆ ಹೊನ್ನೆ, ಸುರಗಿ, ರಂಜಲ ಬೇಕಿದ್ದರೆ ಮೊದಲೇ ಹೇಳಿಡಿ. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲೂ ವಿಚಾರಿಸಿ. 6×9 ಅಥವಾ 8×12 ಇಂಚಿನ ಕೊಟ್ಟೆಯ (ಸಸಿ ಬೆಳೆಸುವ ಚೀಲದ), ಎರಡಡಿ ಒಳಗಿನ ಸಸಿ ಸಾಕು. ಆಳೆತ್ತರದ ಸಸಿ ಕೊಟ್ಟೆಯೊಳಗೆ ಬೇರು ಸುತ್ತಿಕೊಂಡಿರುತ್ತದೆ. ಮೂರು ನಾಲ್ಕು ವರ್ಷ ಚೆನ್ನಾಗಿ ಬೆಳೆದು ಒಂದು ಜುಲೈ ಗಾಳಿಗೆ ಬುಡಸಮೇತ ಮಗುಚುವುದು ಇಂಥವೇ. ನೆಡುವಾಗ ಕೊಟ್ಟೆಯ ತಳದಿಂದ ಒಂದು ಇಂಚು ಬೇರು ಸಮೇತ ಕತ್ತರಿಸಿ.

ಹೆಸರು ಕೇಳಿ ತಂದರೆ ಮೋಸ ಹೋಗುತ್ತೀರಿ, ಎಲೆ ನೋಡಿ ತನ್ನಿ. ಹೊನ್ನೆ ಅಂದರೆ ಮರಮಟ್ಟಿನ ಹೊನ್ನೆ ಕೊಟ್ಟುಬಿಡುತ್ತಾರೆ, ಅದರದ್ದು ಒಂದು ಕಡ್ಡಿಗೆ ಐದಾರು ಸಣ್ಣ ಎಲೆ, ಗಾಳಿಸಾಲಿಗೆ ಆಗದು. ನಿಮಗೆ ಬೇಕಾದದ್ದು ಎದುರುಬದುರು ದಪ್ಪ ಹೊಳಪೆಲೆ, ಒತ್ತೊತ್ತಾಗಿ ಗೆರೆ ಎಳೆದಂಥ ನರ. ಗುಡ್ಡೆದಾಸವಾಳ ಅಂದರೆ ಮಿನಿ ಇಕ್ಸೋರಾ ಬರುತ್ತದೆ. ಕಾಡಿನದಕ್ಕೆ ಚೂಪು ಎಸಳು, ತಿನ್ನುವ ಕೆಂಪು ಹಣ್ಣು. ಅಶೋಕ ಕೇಳಿದರೆ ನೆಟ್ಟಗೆ ಬೆಳೆಯುವ ಕಂಬದಂಥ ಮರ ಕೊಡುತ್ತಾರೆ.

ಹೊನ್ನೆಯನ್ನು ನೀವೇ ಎಬ್ಬಿಸಬಹುದು. ಮರದಡಿ ಬಿದ್ದ ಕಾಯಿ ಆರಿಸಿ, ಮೇಲಿನ ಸಿಪ್ಪೆ ತೆಗೆದು, ಗಟ್ಟಿ ಚಿಪ್ಪನ್ನು ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಮೆಲ್ಲಗೆ ಒಡೆದು ಮರಳಿನಲ್ಲಿ ಹಾಕಿ. ಚಿಪ್ಪು ಪೂರ್ತಿ ತೆಗೆದರೆ ಮೂರು ವಾರದ ಆಸುಪಾಸಿನಲ್ಲಿ ಮೊಳೆಯುತ್ತದೆ, ಹಾಗೇ ಹಾಕಿದರೆ ಎರಡು ತಿಂಗಳು.

ಮೊದಲ ಬೇಸಿಗೆ ಗಿಡಕ್ಕೆ ವಾರಕ್ಕೊಮ್ಮೆ ಹತ್ತು ಲೀಟರ್, ಎರಡನೇ ಬೇಸಿಗೆ ಹದಿನೈದು ದಿನಕ್ಕೊಮ್ಮೆ, ಮೂರನೆಯದರಲ್ಲಿ ನಿಲ್ಲಿಸಿ. ಬುಡಕ್ಕೆ ನಾಲ್ಕು ಇಂಚು ದರಕು, ಕಾಂಡದಿಂದ ಅಷ್ಟೇ ದೂರ ಬಿಟ್ಟು. ದರಕಿಗೆ ಒರಲೆ (ಗೆದ್ದಲು) ಬಂತು ಅಂತ ಔಷಧಿ ಸುರಿಯಬೇಡಿ, ಅದು ಹೆಚ್ಚಾಗಿ ತಿನ್ನುವುದು ಒಣಗಿದ್ದನ್ನು. ಹಸಿ ಕಾಂಡಕ್ಕೆ ಹತ್ತಿದರೆ ಗಿಡ ಮೊದಲೇ ಬಾಡಿರಬಹುದು, ಬೇರು ನೋಡಿ.

ಕಲ್ಲುನೆಲ_ಕುಮಟಾ:

ಎಲ್ಲರಿಗೂ ಧನ್ಯವಾದ. ಶೌಚದ ಇಂಗುಗುಂಡಿ ಮನೆಯ ವಾಯವ್ಯಕ್ಕಿದೆ, ಗಾಳಿಸಾಲಿನ ಒಳಸಾಲು ಅದಕ್ಕೆ ನಾಲ್ಕು ಮೀಟರಿಗೆ ಬರುತ್ತದೆ.

ಉಪ್ಪುಗಾಳಿ (ಕಾರವಾರ):

ಅಷ್ಟು ಜಾಗದಲ್ಲಿ ಹೊನ್ನೆ ಬಿಟ್ಟು ಕವಳಿ, ಲಕ್ಕಿಯನ್ನೇ ಎರಡು ಸಾಲು ಅಂಕುಡೊಂಕಾಗಿ ಎರಡಡಿಗೊಂದು ಹಾಕಿ. ದೊಡ್ಡ ಮರ ಇಂಗುಗುಂಡಿಯಿಂದ ಆರು ಮೀಟರ್ ಆಚೆ, ಆಲ ಅತ್ತಿ ಜಾತಿಯವು ಹದಿನೈದು ಮೀಟರ್ ಒಳಗೆ ಎಲ್ಲೂ ಬೇಡ.